ಪದವಿನ ಗೆಳತಿ

ಕಾಲೇಜುಗಳು ಬಣ್ಣದ ಪುಸ್ತಿಕೆ ಹಂಚುವುದನ್ನು ಬಿಟ್ಟು ನೆನಪುಗಳನ್ನು ಹಂಚಲು ಶುರುಮಾಡಿದ ಮೇಲೆ ಕರಾವಳಿಯಲ್ಲಿ ಮಾರ್ಚ್ ತಿಂಗಳೆಂದರೆ ಒಂದು ಬಗೆಯ ವಿರಹದ ಕಾಲವಾಯಿತು. ದ್ವಿತೀಯ ಪಿಯುಸಿಯ ಹುಡುಗ ಹುಡುಗಿಯರು ಬಸ್ಸಿನ ಕಿಟಕಿಗೆ ತಲೆಯಾನಿಸಿ, ತಾವೆಂದೂ ಹೋಗದ ಊರನ್ನು, ತಾವೆಂದೂ ಹತ್ತದ ಮೆಟ್ಟಿಲುಗಳನ್ನು ನೆನೆದು ಕಣ್ಣು ಮಂಜು ಮಾಡಿಕೊಳ್ಳುತ್ತಿದ್ದರು. ಊಟಕ್ಕೆ ಕೂತವರು ಅನ್ನ ಕಲಸುವುದನ್ನು ನಿಲ್ಲಿಸಿ, ಎಲ್ಲೋ ಇನ್ನೊಂದು ಊಟದ ಕೋಣೆಯ ತಟ್ಟೆಗಳ ಸದ್ದು ಕೇಳಿಸಿದವರಂತೆ ತಲೆ ಎತ್ತುತ್ತಿದ್ದರು. ಮೊದಮೊದಲು ತಾಯಂದಿರು ಹೆದರಿದರು. ಆಮೇಲೆ ರೂಢಿಯಾಯಿತು. ಮೀನು ಮಾರ್ಕೆಟ್ಟಿನಲ್ಲಿ ಎದುರಾದವರು, ಜ್ವರ ಇಳಿಯಿತೇ ಎಂದು ವಿಚಾರಿಸುವ ದನಿಯಲ್ಲಿ, "ನಿಮ್ಮವನಿಗೆ ಯಾವ ಕಾಲೇಜು ನೆನಪಾಗ್ತಾ ಉಂಟು?" ಎಂದು ಕೇಳಿಕೊಳ್ಳತೊಡಗಿದರು.

ಈ ನೆನಪುಗಳನ್ನು ಹೆಣೆಯುವವರಲ್ಲಿ ವಾರಿಜಾ ಒಬ್ಬಳು. ಅವಳ ಮನೆ ಮೂಲ್ಕಿಯಲ್ಲಿ. ಗಂಡ ಜಯಕರನಿಗೆ ಬಸ್ ನಿಲ್ದಾಣದ ಎದುರು ಒಂದು ಫೋಟೋ ಸ್ಟುಡಿಯೋ ಇತ್ತು. ಮಗಳು ಸೌಪರ್ಣಿಕಾ, ಎಲ್ಲರ ಬಾಯಲ್ಲೂ ಪರ್ಣಿ, ಆ ವರ್ಷ ದ್ವಿತೀಯ ಪಿಯುಸಿ. ವಾರಿಜಾ ಕೆಲಸಕ್ಕೆ ಹೋಗುತ್ತಿದ್ದದ್ದು ಸುರತ್ಕಲ್ಲಿನ ಆಚೆ, ಕಡಲಿಗೆ ಮುಖ ಮಾಡಿ ನಿಂತ ನಸುಕು ಪ್ರಯೋಗಾಲಯಕ್ಕೆ.

ಪ್ರಯೋಗಾಲಯದ ಪಟ್ಟಿ ಮೊದಲು ಬಂದದ್ದು ಪಾಠಕ್ಕಾಗಿ. ಹಣೆಗೆ ಕಟ್ಟಿಕೊಳ್ಳುವ ಮೆತ್ತನೆಯ ಬಟ್ಟೆ ಅದು. ಬೆಳಗಿನ ಜಾವದ ತೆಳುನಿದ್ದೆಯಲ್ಲಿ ಹಿಂದಿನ ದಿನ ಓದಿದ್ದನ್ನು ಮೆದುಳಿಗೆ ಇನ್ನೊಮ್ಮೆ ಮೆಲ್ಲಗೆ ಹೇಳಿಕೊಡುತ್ತಿತ್ತು. ಓದುವ ಮಕ್ಕಳೆಲ್ಲ ಅದನ್ನು ಕಟ್ಟಿಕೊಂಡೇ ಮಲಗುತ್ತಿದ್ದರು. ಇದರ ಹಿಂದಿದ್ದವರು ಡಾಕ್ಟರ್ ಫ್ಲಾವಿಯಾ ಮಿನೇಜಸ್. ಅವರು ನಿಜವಾಗಿ ಮರೆವಿನ ರೋಗದ ವೈದ್ಯೆ. ತಮ್ಮ ವಾರ್ಡಿನ ವೃದ್ಧರಿಗೆ ಆಸ್ಪತ್ರೆಯೇ ಮನೆಯೆಂದು ಅನಿಸಬೇಕು, ಅವರು ದಿನವೂ ಅಪರಿಚಿತ ಕೋಣೆಯಲ್ಲಿ ಎದ್ದು ಹೆದರಬಾರದು ಎಂದು ಹೊರಟವರಿಗೆ ಒಂದು ಸಂಗತಿ ತಿಳಿಯಿತು: ನೆನಪು ಬೇರೆ, ಇದು ನನಗೆ ಗೊತ್ತಿರುವುದು ಎಂಬ ಭಾವ ಬೇರೆ. ಬಾಗಿಲಲ್ಲಿ ಯಾರೂ ಇಲ್ಲದಾಗಲೂ ಕರೆಗಂಟೆ ಬಾರಿಸಬಹುದು. ಒಂದಿಷ್ಟು ವಾಸನೆ, ಒಂದಿಷ್ಟು ಸದ್ದು, ಒಂದು ಓರೆ ಬೆಳಕು ಕೊಟ್ಟು ಆ ಗಂಟೆ ಬಾರಿಸಿದರೆ ಸಾಕು. ಉಳಿದದ್ದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಎದ್ದವರಿಗೆ ಆ ಜಾಗದಲ್ಲಿ ತಾವು ಬಹುಕಾಲ ಇದ್ದೆವೆಂದು ತೋರುತ್ತದೆ. ಅದಕ್ಕೆ ಅವರು ಮುನ್ನೆನಪು ಎಂದು ಹೆಸರಿಟ್ಟರು.

ಕಾಲೇಜುಗಳಿಗೆ ಈ ಸುದ್ದಿ ಮುಟ್ಟಲು ಬಹಳ ದಿನ ಹಿಡಿಯಲಿಲ್ಲ. ಪಾಠದ ಜೊತೆಗೆ ಅದೇ ಪಟ್ಟಿಯಲ್ಲಿ ಕಾಲೇಜುಗಳ ಮುನ್ನೆನಪೂ ಮಕ್ಕಳಿಗೆ ಹೋಗತೊಡಗಿತು. ಮರೆವಿನ ವಾರ್ಡು ನಡೆಯುತ್ತಿದ್ದದ್ದೂ ಈಗ ಕಾಲೇಜುಗಳ ಕೃಪೆಯಿಂದಲೇ. ಹಾಗಾಗಿ ವಾರಿಜಾ ಊರೂರು ತಿರುಗಿ ಹೊಸ ಸುಣ್ಣದ ಗೋಡೆಯ ವಾಸನೆ, ಉದ್ದ ಜಗಲಿಯಲ್ಲಿ ಚಪ್ಪಲಿ ಎಳೆದುಕೊಂಡು ಹೋಗುವ ಸದ್ದು, ಗ್ರಂಥಾಲಯದ ಮೇಜಿನ ಮೇಲೆ ಸಂಜೆಬಿಸಿಲು ಜಾರುವ ಬಗೆ, ಹೀಗೆ ಒಂದೊಂದನ್ನೂ ಹಿಡಿದು ತಂದು ಹೆಣೆಯುತ್ತಿದ್ದಳು. ಅವಳಿಗೆ ಈ ಕೆಲಸ ಇಷ್ಟವಿತ್ತು. ತಾನು ಜಾಹೀರಾತು ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸಿದ್ದೇ ಇಲ್ಲ. ಡಾಕ್ಟರ್ ಫ್ಲಾವಿಯಾರ ಒಂದು ಕಟ್ಟಳೆ ಮಾತ್ರ ಇತ್ತು: ಮುನ್ನೆನಪಿನಲ್ಲಿ ಮುಖ ಇರಬಾರದು.

"ಜಾಗದ್ದು ಮಾಸ್ತದೆ ವಾರಿಜಾ," ಅನ್ನುತ್ತಿದ್ದರು ಅವರು. "ಮನುಷ್ಯರದ್ದು ಮಾಸುವುದಿಲ್ಲ."

ಆ ಕಟ್ಟಳೆ ಮುರಿದದ್ದು ಕಿಶನ್ ಅಡ್ಯಂತಾಯ ಬಂದ ದಿನ. ಅವನು ಸಾಗರದೀಪ್ತಿ ಎಂಬ ಹೊಸ ವಿಶ್ವವಿದ್ಯಾಲಯದ ಪ್ರಚಾರದ ಮುಖ್ಯಸ್ಥ. ನಗುಮುಖದ ಹುಡುಗ, ನಿಯಂತ್ರಣ ಕೊಠಡಿಗೆ ಬರುವ ಮೊದಲು ಬಾಗಿಲಲ್ಲಿ ಶೂ ಕಳಚಿಟ್ಟು ಬಂದ. ಗೋಡೆಯ ಮೇಲೆ ಕರಾವಳಿಯ ನಕ್ಷೆ ಇತ್ತು. ಪಟ್ಟಿ ಕಟ್ಟಿದ ಒಂದೊಂದು ತಲೆಗೂ ಒಂದೊಂದು ಸಣ್ಣ ದೀಪ. ಮಧ್ಯಾಹ್ನವಾದ್ದರಿಂದ ಎಲ್ಲ ಆರಿದ್ದವು.

"ಡಾಕ್ಟ್ರೇ, ನಮ್ಮ ಹತ್ರ ಈಗ ಇರುವುದು ಪದವು ಮಾತ್ರ," ಎಂದ ಕಿಶನ್. ಪದವು ಎಂದರೆ ಗುಡ್ಡದ ಮೇಲಿನ ಬಯಲು. "ಮುರಕಲ್ಲು, ಮುಳಿಹುಲ್ಲು, ಗಾಳಿ. ಕಟ್ಟಡ ಏಳುವಷ್ಟರಲ್ಲಿ ಮಕ್ಕಳು ಬೇರೆ ಕಡೆ ಸೇರಿ ಆಗಿರ್ತದೆ. ಇಲ್ಲದ ಕಟ್ಟಡವನ್ನು ನೆನಪು ಮಾಡಿಸಿ ಅಂತ ನಾನು ಹೇಳುವುದಿಲ್ಲ. ಒಬ್ಬರು ಮನುಷ್ಯರನ್ನು ಕೊಡಿ. ಒಬ್ಬಳು ಗೆಳತಿ."

"ಅದು ಆಗುವುದಿಲ್ಲ," ಎಂದರು ಫ್ಲಾವಿಯಾ.

"ಹಾಗಾದ್ರೆ ಮಾಡುವವರು ಬೇರೆ ಇದ್ದಾರೆ. ಅವರು ನಿಮ್ಮಷ್ಟು ನಾಜೂಕಿನಿಂದ ಮಾಡ್ಲಿಕ್ಕಿಲ್ಲ, ಅಷ್ಟೇ. ಮಕ್ಕಳಿಗೆ ನೋವಾಗಬಾರದು ಅಂತಲೇ ಇಲ್ಲಿಗೆ ಬಂದದ್ದು ನಾನು. ಮತ್ತೆ ನಿಮ್ಮ ವಾರ್ಡು..."

ಅವನು ವಾಕ್ಯ ಮುಗಿಸಲಿಲ್ಲ. ಪಕ್ಕದ ವಾರ್ಡಿನಿಂದ ಯಾರೋ ಅಜ್ಜ ಹಳೆಯ ಹಾಡೊಂದನ್ನು ಗುನುಗುತ್ತಿದ್ದದ್ದು ಕೇಳುತ್ತಿತ್ತು. ಡಾಕ್ಟರ್ ವಾರಿಜಾಳ ಕಡೆ ತಿರುಗಿದರು. ಬೇಡವೆಂದು ವಾರಿಜಾ ಹೇಳಬಹುದಿತ್ತು. ಆದರೆ ಅವಳ ಕೈ ಆಗಲೇ ಮೇಜಿನ ಮೇಲೆ ಏನನ್ನೋ ಗೀಚುತ್ತಿತ್ತು: ಮೆಟ್ಟಿಲು, ಮೆಟ್ಟಿಲಿನ ಮೇಲೊಂದು ಚೀಲ, ಚೀಲದ ಪಕ್ಕದಲ್ಲಿ ಒಬ್ಬಳು.

ಯಾರನ್ನೂ ನೋಡಿ ಬರೆದ ಹಾಗೆ ಇರಬಾರದೆಂದು ವಾರಿಜಾ ಆ ಗೆಳತಿಯನ್ನು ಚೂರುಚೂರಾಗಿ ಕೂಡಿಸಿದಳು. ಬಲಗಡೆ ಬೈತಲೆ, ಅದರಂಚಿಗೆ ನೀಲಿ ಕ್ಲಿಪ್ಪು. ಕೊಬ್ಬರಿ ಎಣ್ಣೆಯ ಜೊತೆ ಆಗಷ್ಟೇ ಪೆನ್ಸಿಲ್ ಕೆತ್ತಿದ ಮರದ ಪರಿಮಳ. ಮೊಣಕೈಯಿಂದ ಮೆಲ್ಲಗೆ ತಿವಿಯುವ ಅಭ್ಯಾಸ. ಅವಳು ಮೆಟ್ಟಿಲಿನ ಮೇಲೆ ಕೂತಿರುತ್ತಾಳೆ. ನೀವು ಬರುವುದನ್ನು ದೂರದಿಂದಲೇ ಕಾಣುತ್ತಾಳೆ. ಪಕ್ಕದಲ್ಲಿಟ್ಟ ಚೀಲವನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಜಾಗ ಮಾಡುತ್ತಾಳೆ. "ಎಷ್ಟು ಹೊತ್ತು, ಬಾ ಕೂತ್ಕೋ," ಅನ್ನುತ್ತಾಳೆ. ಅಷ್ಟೇ. ಅವಳಿಗೆ ಹೆಸರಿಡಲಿಲ್ಲ. ತಯಾರಾದ ದಿನ ವಾರಿಜಾ ತಾನೇ ಪಟ್ಟಿ ಕಟ್ಟಿಕೊಂಡು ಪ್ರಯೋಗಾಲಯದ ಮಂಚದ ಮೇಲೆ ಮಲಗಿ ನೋಡಿದಳು. ಎದ್ದಾಗ ಕಿಟಕಿಯಾಚೆ ಕಡಲು ಬಿಳಿಯಾಗಿತ್ತು, ಮತ್ತು ಅವಳಿಗೆ ಯಾರನ್ನೋ ಕಳಕೊಂಡ ಹಾಗಾಗಿತ್ತು. ತಾನು ಮಾಡಿದ್ದರಲ್ಲೆಲ್ಲ ಇದೇ ಚೆಂದ ಎಂದುಕೊಂಡಳು.

*

ಎರಡು ವಾರ ಕಳೆದಿರಬೇಕು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ ಜಯಕರ ಕೈ ತೊಳೆಯುತ್ತ ಹೇಳಿದ, "ಒಂದು ವಿಚಿತ್ರ ಗೊತ್ತುಂಟಾ ನಿನಗೆ? ಅರ್ಜಿಗೆ ಫೋಟೋ ತೆಗೆಸ್ಲಿಕ್ಕೆ ಬರುವ ಹುಡುಗಿಯರೆಲ್ಲ ಬಲಗಡೆ ಬೈತಲೆ ತೆಗೆದು ನೀಲಿ ಕ್ಲಿಪ್ಪು ಹಾಕ್ಕೊಂಡು ಬರ್ತಾರೆ. ಒಬ್ಬಳ ಫೋಟೋ ಇನ್ನೊಬ್ಬಳಿಗೆ ಕೊಟ್ರೂ ಗೊತ್ತಾಗ್ಲಿಕ್ಕಿಲ್ಲ."

ವಾರಿಜಾ ಸಾರಿನ ಸೌಟನ್ನು ಪಾತ್ರೆಗೇ ಬಿಟ್ಟಳು.

"ಇವತ್ತು ಒಬ್ಬ ಹುಡುಗ ಬಂದಿದ್ದ," ಜಯಕರ ಮುಂದುವರಿಸಿದ. "ಫೋಟೋ ತೆಗೆಸ್ಲಿಕ್ಕಲ್ಲ. 'ಅಂಕಲ್, ಹೀಗ್ಹೀಗೆ ಇರುವ ಒಬ್ಬಳು ಯಾವಾಗಾದ್ರೂ ಇಲ್ಲಿ ಬಂದಿದ್ಳಾ?' ಅಂತ ಕೇಳ್ದ. ಹೆಸರು ಕೇಳಿದ್ರೆ ಗೊತ್ತಿಲ್ಲ ಅಂದ. ನಾನು ಇಲ್ಲ ಅಂದೆ. ಆಮೇಲೂ ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಒಂದೊಂದೇ ನೋಡ್ತಾ ನಿಂತ, ಪಾಪ."

ಆ ಗೆಳತಿಯ ವಿಷಯ ಗಂಡನಿಗೆ ಅವಳು ಹೇಳಿರಲಿಲ್ಲ. ಈಗ ಹೇಳಿದಳು. ಜಯಕರ ಬೈಯಲಿಲ್ಲ. ಅನ್ನದ ಅಗುಳುಗಳನ್ನು ತಟ್ಟೆಯಂಚಿಗೆ ದೂಡುತ್ತ ಕೂತು, "ನಮ್ಮ ಪರ್ಣಿಗೆ?" ಎಂದು ಮಾತ್ರ ಕೇಳಿದ.

"ನಮ್ಮಲ್ಲಿ ಕೆಲಸ ಮಾಡುವವರ ಮನೆಗೆ ಒಪ್ಪಿಗೆಯಿಲ್ಲದೆ ಕಳಿಸುವುದಿಲ್ಲ, ನಾನು ಕೊಟ್ಟಿಲ್ಲ. ಅವಳ ಪಟ್ಟಿಗೆ ಪಾಠ ಮಾತ್ರ ಬರುವುದು."

ಪರ್ಣಿ ಹೆಚ್ಚು ಮಾತಿನವಳಲ್ಲ. ತರಗತಿಯಲ್ಲಿ ಅವಳಿಗೆ ಜಗಳವೂ ಇರಲಿಲ್ಲ, ಗೆಳೆತನವೂ ಇರಲಿಲ್ಲ. ಬಿಡುವಿದ್ದಾಗೆಲ್ಲ ಪಶು ಆಸ್ಪತ್ರೆಗೆ ಹೋಗಿ, ಡಾಕ್ಟರು ಹಸುವಿನ ಹೊಟ್ಟೆಗೆ ಕಿವಿಯಾನಿಸುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಪಶುವೈದ್ಯ ಕಲಿಯಲು ಬೀದರಿಗೆ ಹೋಗುತ್ತೇನೆಂದು ಹತ್ತನೆಯ ತರಗತಿಯಲ್ಲೇ ಹೇಳಿಬಿಟ್ಟಿದ್ದಳು. ಬೀದರಿನ ನೆನಪನ್ನು ಯಾರೂ ಅವಳಿಗೆ ಕಳಿಸಿರಲಿಲ್ಲ. ಗೋಡೆಯ ನಕ್ಷೆಯಲ್ಲಿ ರಾಜ್ಯದ ತುತ್ತತುದಿಯನ್ನು ಬೆರಳಿಂದ ಮುಟ್ಟಿ, "ಇಲ್ಲಿ," ಅಂದಿದ್ದಳು ಅಷ್ಟೇ.

ಅದೇ ವಾರ ಒಂದು ಸಂಜೆ ವಾರಿಜಾ ಕೆಲಸದಿಂದ ಬಂದಾಗ ಪರ್ಣಿ ಹಿತ್ತಿಲ ಮೆಟ್ಟಿಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಪುಸ್ತಕದ ಚೀಲ. ಹೆಜ್ಜೆ ಸದ್ದಿಗೆ ತಿರುಗಿದವಳು ಚೀಲವನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಬಂದದ್ದು ಅಮ್ಮ ಎಂದು ಕಂಡ ಮೇಲೆ ಮೆಲ್ಲಗೆ ಮತ್ತೆ ಅಲ್ಲೇ ಇಟ್ಟಳು. ಕಿವಿಯ ಮೇಲೆ ನೀಲಿ ಕ್ಲಿಪ್ಪು ಇತ್ತು.

ವಾರಿಜಾ ಬಾಗಿಲಿಗೆ ಒರಗಿ ನಿಂತಳು. "ಯಾರಿಗೆ ಕಾಯ್ತಾ ಇದ್ದಿ?"

"ಯಾರಿಗೂ ಇಲ್ಲ."

"ಮುನ್ನೆನಪಿಗೆ ನೀನು ಒಪ್ಪಿಗೆ ಕೊಟ್ಟಿಯಾ ಪರ್ಣಿ?"

"ಹದಿನೆಂಟಾಯ್ತಲ್ಲ ಅಮ್ಮ. ಈಗ ನಾನೇ ಕೊಡಬಹುದು."

"ಯಾಕೆ ಮಗಾ?"

ಪರ್ಣಿ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. "ಕ್ಲಾಸಿನಲ್ಲಿ ಎಲ್ಲರೂ ಅವಳ ಬಗ್ಗೆಯೇ ಮಾತಾಡ್ತಾರೆ. ನನಗೊಬ್ಬಳಿಗೇ ಅವಳು ಗೊತ್ತಿರ್ಲಿಲ್ಲ."

ಗಾಳಿಗೆ ಒಗೆದ ಬಟ್ಟೆಗಳು ಹಗ್ಗದ ಮೇಲೆ ಒಂದೇ ಕಡೆಗೆ ವಾಲಿದವು. ವಾರಿಜಾಳಿಗೆ ಏನಾದರೂ ಹೇಳಬೇಕಿತ್ತು. ಹೇಳುವ ಮೊದಲೇ ಮಗಳು, "ಬೀದರ್ ಬೇಡ ಅಮ್ಮ. ನಾನು ಆ ಪದವಿನ ಕಾಲೇಜಿಗೇ ಹೋಗ್ತೇನೆ," ಎಂದು ಎದ್ದು ಒಳಗೆ ಹೋದಳು.

*

"ಅಳಿಸಿಬಿಡಿ ಡಾಕ್ಟ್ರೇ," ಎಂದಳು ವಾರಿಜಾ ಮರುದಿನ. ಬೆಳಗಿನ ಹೊತ್ತು. ನಕ್ಷೆಯ ದೀಪಗಳು ಉಳ್ಳಾಲದಿಂದ ಬೈಂದೂರಿನವರೆಗೆ ಹೊಳೆಯಂಚಿನ ಮಿಣುಕುಹುಳುಗಳಂತೆ ಉಸಿರಾಡುತ್ತಿದ್ದವು. ಅಷ್ಟೂ ಮಕ್ಕಳು ಈಗ ಅದೇ ಮೆಟ್ಟಿಲ ಕಡೆಗೆ ನಡೆಯುತ್ತಿದ್ದರು.

ಫ್ಲಾವಿಯಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಗಂಟೆ ಬಾರಿಸ್ಲಿಕ್ಕೆ ಗೊತ್ತುಂಟು ನನಗೆ. ಬಾರಿಸಿದ್ದನ್ನು ಬಾರಿಸದ ಹಾಗೆ ಮಾಡ್ಲಿಕ್ಕೆ ಗೊತ್ತಿಲ್ಲ."

"ನಿಲ್ಲಿಸಿದರೆ?"

"ನಿಲ್ಲಿಸಿದರೆ ಅವಳು ಒಂದು ದಿನ ಬರುವುದಿಲ್ಲ. ಅಷ್ಟೇ ಆಗುವುದು. ಮಕ್ಕಳು ಕಾಯ್ತಾರೆ. ವಾರ್ಡಿನಲ್ಲಿ ಒಮ್ಮೆ ನಿಲ್ಲಿಸಿ ನೋಡಿದ್ದೆ ನಾನು, ನೀನು ಬರುವ ಮೊದಲು. ಒಬ್ಬರು ಅಜ್ಜಿ ಮಳೆಗಾಲ ಮುಗಿಯುವವರೆಗೂ ಬಾಗಿಲನ್ನೇ ನೋಡ್ತಾ ಕೂತ್ರು. ಯಾರಿಗೆ ಅಂತ ಅವರಿಗೂ ಗೊತ್ತಿರ್ಲಿಲ್ಲ."

"ನನ್ನ ಮಗಳೂ ಇದ್ದಾಳೆ ಅದರಲ್ಲಿ."

ಡಾಕ್ಟರ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ವಾರಿಜಾಳ ಕೈಯನ್ನು ಹಿಡಿದುಕೊಂಡು, ದೀಪಗಳು ಒಂದೊಂದಾಗಿ ಆರುವುದನ್ನು ಅವಳ ಜೊತೆ ನೋಡಿದರು. ಎಲ್ಲೋ ಮಕ್ಕಳು ಏಳುತ್ತಿದ್ದರು.

ಪರೀಕ್ಷೆ ಮುಗಿದ ಮೇಲೆ ಸಾಗರದೀಪ್ತಿಯವರು ಪದವಿನಲ್ಲಿ ಸ್ವಾಗತದ ದಿನ ಇಟ್ಟರು. ಹೋಗಬೇಡ ಎಂದು ಮಗಳಿಗೆ ಹೇಳುವ ಧೈರ್ಯ ವಾರಿಜಾಳಿಗೆ ಬರಲಿಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು.

ಪದವು ಬಿಸಿಲಲ್ಲಿ ತೇಲುತ್ತಿತ್ತು. ಎಲ್ಲಿ ನೋಡಿದರೂ ಕಪ್ಪುಗಟ್ಟಿದ ಮುರಕಲ್ಲು, ಅದರ ಬಿರುಕಿನಲ್ಲಿ ಒಣಗಿ ಬಂಗಾರವಾದ ಹುಲ್ಲು, ಕೆಳಗೆ ದೂರದಲ್ಲಿ ಕಡಲಿನ ಗೆರೆ. ನಡುವೆ ಒಂದು ಶಾಮಿಯಾನ, ಅದರೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಮುಂದೆ ಬರಲಿರುವ ಕಟ್ಟಡಗಳ ಮಾದರಿ, ಎಲ್ಲರಿಗೂ ಕಲ್ಲಂಗಡಿ ಹಣ್ಣಿನ ಪಾನಕ. ಬಸ್ಸುಗಳಿಂದ ಇಳಿದ ಮಕ್ಕಳು ಶಾಮಿಯಾನಕ್ಕೆ ಹೋಗಲಿಲ್ಲ. ಯಾರೂ ಹೇಳಿಕೊಡದೆ ಬಯಲಿನ ತುಂಬ ಹರಡಿಹೋದರು. ನೂರಾರು ಮಂದಿ, ಒಬ್ಬೊಬ್ಬರೇ, ಕೈಯನ್ನು ಕಣ್ಣಿನ ಮೇಲೆ ಅಡ್ಡ ಹಿಡಿದು, ನಿಧಾನವಾಗಿ ನಡೆಯುತ್ತಿದ್ದರು. ಒಬ್ಬಳು ಇಲ್ಲದ ಮೆಟ್ಟಿಲ ಎತ್ತರಕ್ಕೆ ಕಾಲೆತ್ತಿ, ನೆಲಕ್ಕಿಟ್ಟು, ಸುತ್ತ ನೋಡಿ ನಾಚಿದಳು. ನೀಲಿ ಕ್ಲಿಪ್ಪಿನ ಇಬ್ಬರು ಎದುರುಬದುರಾದರೆ ಕ್ಷಣಕಾಲ ಇಬ್ಬರ ಮುಖವೂ ಅರಳಿ, ಆಮೇಲೆ ಬಾಡುತ್ತಿತ್ತು. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ತಂದೆ ತಾಯಂದಿರು ಶಾಮಿಯಾನದ ನೆರಳಿನಲ್ಲಿ ಪಾನಕದ ಲೋಟ ಹಿಡಿದುಕೊಂಡು ಇದನ್ನು ನೋಡುತ್ತ ನಿಂತಿದ್ದರು.

ಕಿಶನ್‌ಗೆ ಸಂಭ್ರಮವೋ ಸಂಭ್ರಮ. "ನೋಡಿ ಮೇಡಂ, ನಿಮ್ಮದೇ ಎಲ್ಲ," ಎನ್ನುತ್ತ ವಾರಿಜಾಳನ್ನು ವೇದಿಕೆಗೆ ಕರೆದೊಯ್ದು, ಈ ಅನುಭವವನ್ನು ರೂಪಿಸಿದವರು ಇವರೇ ಎಂದು ಹೇಳಿ, ಎರಡು ಮಾತಾಡಿ ಎಂದು ಮೈಕು ಕೊಟ್ಟ.

ಮೈಕಿನ ದನಿ ಪದವಿನ ಮೇಲೆಲ್ಲ ಹರಡುತ್ತಿತ್ತು. ನಡೆಯುತ್ತಿದ್ದ ಮಕ್ಕಳು ನಿಂತರು.

"ನೀವು ಹುಡುಕುವ ಹುಡುಗಿ ಇಲ್ಲಿ ಇಲ್ಲ," ಎಂದಳು ವಾರಿಜಾ. "ಎಲ್ಲಿಯೂ ಇಲ್ಲ. ಅವಳನ್ನು ಮಾಡಿದ್ದು ನಾನು. ನಿಮ್ಮನ್ನು ಇಲ್ಲಿಗೆ ಕರೆಸ್ಲಿಕ್ಕೆ ಮಾಡಿದ್ದು. ದಯವಿಟ್ಟು ಅವಳಿಗೋಸ್ಕರ ಈ ಕಾಲೇಜಿಗೆ ಸೇರಬೇಡಿ. ನಿಮಗೆ ಬೇಕಾದ್ದನ್ನು ಕಲೀಲಿಕ್ಕೆ ಹೋಗಿ."

ಕಿಶನ್ ಮೈಕಿಗೆ ಕೈ ಚಾಚಿದವನು ಹಾಗೇ ನಿಂತ. ಗದ್ದಲವಾಗಬಹುದು, ಯಾರಾದರೂ ಅಳಬಹುದು, ಕಲ್ಲೆಸೆಯಬಹುದು ಎಂದು ವಾರಿಜಾ ಕಾದಳು. ಏನೂ ಆಗಲಿಲ್ಲ. ವೇದಿಕೆಗೆ ಹತ್ತಿರವಿದ್ದ ಒಬ್ಬ ಎತ್ತರದ ಹುಡುಗ ಸಮಾಧಾನದಿಂದ, ಅವಳಿಗೆ ಬೇಸರವಾಗದಿರಲಿ ಎಂಬಂತೆ ಹೇಳಿದ, "ಅದು ನಮಗೆ ಗೊತ್ತುಂಟು ಮೇಡಂ. ಆದ್ರೂ ಒಮ್ಮೆ ನೋಡಿಕೊಂಡು ಹೋಗುವ ಅಂತ ಬಂದದ್ದು."

ಮಕ್ಕಳು ಮತ್ತೆ ನಡೆಯತೊಡಗಿದರು.

ವಾರಿಜಾ ವೇದಿಕೆ ಇಳಿದು ಮಗಳನ್ನು ಹುಡುಕುತ್ತ ಹೋದಳು. ಕಡಲು ಕಾಣುವ ಅಂಚಿನಲ್ಲಿ ಪರ್ಣಿ ಬರೀ ಕಲ್ಲಿನ ಮೇಲೆ ಕೂತಿದ್ದಳು. ತಾಯಿ ಪಕ್ಕದಲ್ಲಿ ಕೂತಳು. ಕಲ್ಲು ಸುಡುತ್ತಿತ್ತು.

"ನಿನಗೂ ಗೊತ್ತಿತ್ತಾ?"

"ಹ್ಞೂ."

"ಯಾವಾಗಿನಿಂದ?"

"ಮೊದಲ ದಿನದಿಂದಲೇ. 'ಬಾ ಕೂತ್ಕೋ' ಅಂತ ಅವಳು ನಿನ್ನ ಹಾಗೇ ಹೇಳ್ತಾಳೆ. ನಾನು ಸಣ್ಣವಳಿರುವಾಗ ಶಾಲೆಯಿಂದ ಬಂದ್ರೆ ಹೇಳ್ತಿದ್ದಿಯಲ್ಲ, ಹಾಗೆ." ಪರ್ಣಿ ಒಂದು ಹುಲ್ಲು ಕಿತ್ತು ಬೆರಳುಗಳ ನಡುವೆ ಹೊಸೆದಳು. "ಅದಕ್ಕೇ ಅವಳು ನನಗೆ ಬೇಗ ಇಷ್ಟವಾದದ್ದೋ ಏನೋ."

ಆ ಗೆಳತಿಯನ್ನು ಕೂಡಿಸುವಾಗ ತಾನು ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ ಎಂದು ವಾರಿಜಾ ಅಂದುಕೊಂಡಿದ್ದಳು. ತನ್ನ ದನಿ ತನಗೇ ಕೇಳಿಸಿರಲಿಲ್ಲ.

"ಗೊತ್ತಿದ್ರೂ ಹೋಗುವುದಿಲ್ಲ ಅವಳು," ಎಂದಳು ಪರ್ಣಿ. "ಎಂತ ಮಾಡ್ಲಿ ಅಮ್ಮ?"

*

ಕಿಶನ್ ಮರುದಿನವೇ ಪ್ರಯೋಗಾಲಯಕ್ಕೆ ಬಂದ. ಈ ಸಲವೂ ಶೂ ಕಳಚಿಟ್ಟೇ ಒಳಗೆ ಬಂದ. ಕೂಗಾಡಲಿಲ್ಲ. ಅವನ ಮುಖ ಮಾತ್ರ ಒಣಗಿತ್ತು. ಸೀಟು ತುಂಬುವವರೆಗೆ ಮುನ್ನೆನಪು ದಿನವೂ ಹೋಗಬೇಕು, ಅದರಲ್ಲಿ ಒಂದು ಎಳೆಯನ್ನೂ ಬದಲಿಸುವಂತಿಲ್ಲ, ಒಪ್ಪಂದದಲ್ಲಿ ಹಾಗೆ ಇದೆ ಎಂದು ಹೇಳಿ ಹೊರಟ. ಬಾಗಿಲಲ್ಲಿ ಒಮ್ಮೆ ತಿರುಗಿ, "ನನಗೂ ಕಾಣ್ತಾಳೆ ಮೇಡಂ ಅವಳು," ಎಂದ. "ಹೇಗುಂಟು ನೋಡುವ ಅಂತ ನಾನೂ ಪಟ್ಟಿ ಕಟ್ಟಿದ್ದೆ."

ಅವನು ಹೋದ ಮೇಲೆ ಫ್ಲಾವಿಯಾ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. "ನಿಜವಾದ ಗೆಳತಿಯರೂ ಬಿಟ್ಟು ಹೋಗ್ತಾರೆ," ಎಂದರು. "ಮನುಷ್ಯರು ಅದನ್ನು ತಡಕೊಳ್ತಾರೆ. ಯಾಕೆ ಹೇಳು? ಹೋದದ್ದನ್ನು ಕಂಡಿರ್ತಾರೆ. ಈ ಮಕ್ಕಳು ಅವಳು ಕರೆಯುವುದನ್ನು ಮಾತ್ರ ಕಂಡಿದ್ದಾರೆ. ಆ ಅಜ್ಜಿಗೂ ಅದೇ ಆದದ್ದು. ನಾನು ಕೊನೆ ಕೊಡ್ಲಿಲ್ಲ, ಸುಮ್ಮನೆ ನಿಲ್ಲಿಸಿದೆ." ಆಮೇಲೆ ಎದ್ದು ಕೋಟು ಹಾಕಿಕೊಂಡರು. "ನಾಳೆ ನಾಡಿದ್ದು ನಾನು ವಾರ್ಡಿನಲ್ಲೇ ಇರ್ತೇನೆ. ಇಲ್ಲಿಯ ಬೀಗದ ಕೈ ನಿನ್ನ ಹತ್ರ ಇರ್ಲಿ."

ಅವರು ಏನು ಹೇಳಿದರೆಂದು ವಾರಿಜಾಳಿಗೆ ಅರ್ಥವಾಯಿತು.

ಎರಡು ಹಗಲು ಅವಳು ಆ ಗೆಳತಿಯ ಬೀಳ್ಕೊಡುಗೆಯನ್ನು ಹೆಣೆದಳು. ಮೊದಲು ಗೆಳತಿಯ ಬಾಯಲ್ಲಿ ಒಳ್ಳೆಯ ಮಾತುಗಳನ್ನು ಇಟ್ಟಳು: ನಿನ್ನ ದಾರಿ ನಿನಗಿರಲಿ, ನನ್ನನ್ನು ಮರೆತುಬಿಡು. ಮಂಚದ ಮೇಲೆ ಮಲಗಿ ನೋಡಿದರೆ ಅದು ಶಾಲಾ ವಾರ್ಷಿಕೋತ್ಸವದ ನಾಟಕದಂತಿತ್ತು. ಅಪ್ಪಿಕೊಂಡು ಅಳುವ ಹಾಗೆ ಮಾಡಿದಳು. ಅದರಿಂದ ಎದ್ದಾಗ ಮೊದಲಿಗಿಂತ ಹೆಚ್ಚು ನೋವಾಯಿತು. ಕೊನೆಗೆ ಮಾತನ್ನೆಲ್ಲ ತೆಗೆದಳು. ಒಂದು ಬಸ್ಸು ತಂದು ನಿಲ್ಲಿಸಿದಳು. ಗೆಳತಿ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಾಳೆ. ಕಿಟಕಿ ಸರಿಸಲು ಒದ್ದಾಡುತ್ತಾಳೆ, ಅದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಆ ಅರ್ಧದಿಂದಲೇ ಕೈ ಹೊರಗೆ ಹಾಕಿ ಬೀಸುತ್ತಾಳೆ. ಬಸ್ಸು ತಿರುವಿನಲ್ಲಿ ಮರೆಯಾಗುತ್ತದೆ. ಹಿಂದೆ ಉಳಿದವರಿಗೆ ಸ್ವಲ್ಪ ಹೊತ್ತು ಬಿಸಿಲು, ಡೀಸೆಲ್ಲಿನ ವಾಸನೆ, ಖಾಲಿ ರಸ್ತೆ. ಆಮೇಲೆ ಹಸಿವು. ಹಸಿವನ್ನು ಅವಳು ಬಹಳ ಎಚ್ಚರದಿಂದ ಹಾಕಿದಳು, ಹೆಚ್ಚಾಗದ ಹಾಗೆ, ಮನೆಯ ಕಡೆ ಕಾಲು ತಿರುಗುವಷ್ಟು ಮಾತ್ರ.

ಮೂರನೆಯ ದಿನದ ನಸುಕಿಗೆ ಅದನ್ನು ಕಳಿಸಿದಳು. ನಕ್ಷೆಯ ದೀಪಗಳು ಒಮ್ಮೆ ಒಟ್ಟಿಗೆ ಪ್ರಖರವಾದವು. ಆಮೇಲೆ ಎಂದಿನಂತೆ ಉಸಿರಾಡಿದವು.

ಅವಳು ಮೊದಲ ಬಸ್ಸಿಗೆ ಮನೆಗೆ ಬಂದಾಗ ಜಯಕರ ನೀರುದೋಸೆ ಹುಯ್ಯುತ್ತಿದ್ದ. ಪರ್ಣಿ ಎದ್ದು ಬಂದು ಮುಖ ತೊಳೆಯದೆಯೇ ತಟ್ಟೆಯ ಮುಂದೆ ಕೂತಳು. ಕಣ್ಣು ಊದಿತ್ತು. ಒಂದು ದೋಸೆ ತಿಂದಳು, ಇನ್ನೊಂದು ಹಾಕಿಸಿಕೊಂಡಳು, ಮತ್ತೂ ಒಂದಕ್ಕೆ ತಟ್ಟೆ ಚಾಚಿದಳು.

"ಅವಳು ಹೋದ್ಳು," ಎಂದಳು ಪರ್ಣಿ.

"ಹೌದಾ?" ಎಂದಳು ವಾರಿಜಾ.

"ಹ್ಞೂ. ಬಸ್ಸಿನಲ್ಲಿ." ಬೆಲ್ಲ ಬೆರೆಸಿದ ಕಾಯಿತುರಿಯನ್ನು ದೋಸೆಯಿಂದ ಬಳಿದುಕೊಂಡು ಅವಳು ತಾಯಿಯ ಮುಖ ನೋಡಿದಳು. "ಅಮ್ಮ, ಆ ಬಸ್ಸಿಗೆ ಕಂಡಕ್ಟರ್ ಇರ್ಲಿಲ್ಲ."

ವಾರಿಜಾ ಬಾಯಿಗೆ ಕೈ ಅಡ್ಡ ಹಿಡಿದಳು. ಎಲ್ಲ ಹಾಕಿದ್ದಳು, ಕಂಡಕ್ಟರನ್ನು ಮರೆತಿದ್ದಳು. ಪರ್ಣಿ ನಕ್ಕಳು, ನಗುತ್ತ ನಗುತ್ತ ಅತ್ತಳು. ಜಯಕರ ಒಲೆ ಆರಿಸಿ ಬಂದು ಮಗಳ ತಲೆ ಸವರಿದ.

ಆ ಬೆಳಗ್ಗೆ ಊರಿನ ಹಲವು ಮನೆಗಳಲ್ಲಿ ಮಕ್ಕಳು ತಡವಾಗಿ ಎದ್ದರಂತೆ, ಹೊಟ್ಟೆ ತುಂಬ ತಿಂದರಂತೆ. ಬಸ್ ನಿಲ್ದಾಣದಲ್ಲಿ ಕೆಲವರು ಸುಮ್ಮನೆ ಬಂದು, ಹೊರಟುಹೋಗುವ ಬಸ್ಸುಗಳನ್ನು ನೋಡುತ್ತ ನಿಂತು, ಬಿಸಿಲೇರುವ ಹೊತ್ತಿಗೆ ಮನೆಗೆ ಹೋದದ್ದನ್ನು ಜಯಕರ ಸ್ಟುಡಿಯೋದ ಬಾಗಿಲಿನಿಂದ ಕಂಡ.

ವಾರಿಜಾಳ ಕೆಲಸ ಹೋಯಿತು. ಸಾಗರದೀಪ್ತಿಯವರು ದಾವೆ ಹೂಡಿದರು. ಅದು ಬಹಳ ಕಾಲ ಎಳೆದಾಡಿ, ಮುನ್ನೆನಪಿನಲ್ಲಿ ಮನುಷ್ಯರ ಮುಖ ಇರಕೂಡದೆಂದು ಕಾನೂನು ಬಂದ ಮೇಲೆ ಬಿದ್ದುಹೋಯಿತು. ನಸುಕು ಪ್ರಯೋಗಾಲಯ ಮುಚ್ಚಿತು. ವಾರ್ಡಿನ ವೃದ್ಧರನ್ನು ಚರ್ಚಿನವರ ಆಶ್ರಮಕ್ಕೆ ಸಾಗಿಸಿ, ಡಾಕ್ಟರ್ ಫ್ಲಾವಿಯಾ ಅಲ್ಲೇ ಒಂದು ಕೋಣೆ ಮಾಡಿಕೊಂಡರು. ಪದವಿನಲ್ಲಿ ನಿಧಾನಕ್ಕೆ ಕಟ್ಟಡಗಳು ಎದ್ದವು. ಆ ಮಕ್ಕಳಲ್ಲಿ ಕೆಲವರು ಆಮೇಲೂ ಅಲ್ಲಿಗೇ ಸೇರಿದರು. ಅಲ್ಲಿಯ ಗಾಳಿ ಇಷ್ಟವಾಯಿತಂತೆ. ವಾರಿಜಾ ಈಗ ಸ್ಟುಡಿಯೋದಲ್ಲಿ ಫೋಟೋಗಳ ಮೇಲಿನ ಕಲೆ ತಿದ್ದುವ ಕೆಲಸ ಮಾಡುತ್ತಾಳೆ. ಮೊಡವೆ ತೆಗೆಯಲೇ ಎಂದು ಪ್ರತಿಯೊಬ್ಬರನ್ನೂ ಕೇಳಿಯೇ ತೆಗೆಯುತ್ತಾಳೆ.

ಪರ್ಣಿ ಬೀದರಿಗೆ ಹೋದಳು. ಮೊದಲ ತಿಂಗಳು ಅವಳ ಫೋನು ಬಂದರೆ ಎರಡು ಮಾತು: ಊಟ ಆಯ್ತು, ಚಳಿ ಉಂಟು. ವಾರಿಜಾ ಹೆಚ್ಚು ಕೇಳುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಫೋನು ಬಂದಾಗ ಮಗಳ ದನಿ ಏರಿತ್ತು.

"ಅಮ್ಮ, ಆ ಜಗದೇವಿ ಇದ್ದಾಳಲ್ಲ, ನನ್ನ ರೂಮಿನವಳು, ಹುಮನಾಬಾದಿನವಳು. ಅವಳ ಹತ್ರ ನಾನಿನ್ನು ಮಾತಾಡುವುದಿಲ್ಲ."

"ಎಂತ ಆಯ್ತು?"

"ನನ್ನ ಬಕೆಟನ್ನು ಕೇಳದೆ ತಕ್ಕೊಂಡು ಹೋಗ್ತಾಳೆ. ಗೊರಕೆ ಹೊಡೀತಾಳೆ, ಹೇಳಿದ್ರೆ ನಾನಲ್ಲ ನೀನೇ ಅಂತಾಳೆ. ನಾನು ಮಾತಾಡಿದ್ರೆ ಪುಸ್ತಕ ಓದಿದ ಹಾಗೆ ಮಾತಾಡ್ತಿ ಅಂತ ಎಲ್ಲರ ಎದುರು ನಗಾಡ್ತಾಳೆ. ನಿನ್ನೆ ನೀನು ಕಳಿಸಿದ ಹಪ್ಪಳ ಅರ್ಧ ಡಬ್ಬಿ ಖಾಲಿ ಮಾಡಿ, ಉಪ್ಪು ಜಾಸ್ತಿ ಅಂತ ಬೇರೆ ಹೇಳಿದ್ಳು."

"ಹೌದಾ," ಎಂದಳು ವಾರಿಜಾ. ಕುರ್ಚಿ ಎಳೆದುಕೊಂಡು ಕೂತಳು. "ಮತ್ತೆ?"

ಮತ್ತೆ ಬಹಳ ಇತ್ತು. ಫ್ಯಾನಿನ ವಿಷಯ, ಕಿಟಕಿಯ ವಿಷಯ, ಪರೀಕ್ಷೆಗೆ ಒಟ್ಟಿಗೆ ಓದುವಾಗ ಅವಳು ಮೊದಲೇ ಮಲಗಿಬಿಟ್ಟ ವಿಷಯ. ವಾರಿಜಾ ಒಂದನ್ನೂ ಬಿಡದೆ ಕೇಳಿದಳು. ನಡುವೆ ಆ ಕಡೆ ಬಾಗಿಲು ಧಡಾರೆಂದು ತೆರೆದ ಸದ್ದಾಯಿತು.

"ಏ ಪರ್ಣಿ, ಇಲ್ಲಿ ಕುಂತೀ ಏನ? ಎಮ್ಮಿ ಈಯ್ಲಿಕತ್ತದ, ಲಗೂನ ಬಾ. ಸರ್ ಕರೀಲಿಕತ್ತಾರ."

"ನಿನ್ನ ಹತ್ರ ಮಾತಿಲ್ಲ ನನಗೆ."

"ಮಾತಾಡಬ್ಯಾಡ ಬಿಡವಾ. ಓಡ್ಲಿಕ್ಕೇನಾಗ್ಯದ?"

ಫೋನು ಹಾಗೇ ಉಳಿಯಿತು, ಯಾವುದೋ ಜೇಬಿನೊಳಗೆ. ಎರಡು ಜೊತೆ ಚಪ್ಪಲಿಗಳು ಮಣ್ಣಿನ ಮೇಲೆ ಓಡುತ್ತಿದ್ದವು. ಓಡುತ್ತಲೇ ಅವರು ಬಕೆಟ್ಟಿನ ಬಗ್ಗೆ ವಾದಿಸುತ್ತಿದ್ದರು. ಎಮ್ಮೆಯೊಂದು ನೋವಿನಿಂದ ದೀರ್ಘವಾಗಿ ಕೂಗಿತು. ಯಾರೋ ಬಿಸಿನೀರು ಬಿಸಿನೀರು ಎಂದರು. ಆಮೇಲೆ ಕರೆ ಕಡಿದುಹೋಯಿತು.

ಜಯಕರ ಕ್ಯಾಮರಾದ ಗಾಜು ಒರೆಸುತ್ತಿದ್ದವನು ತಲೆಯೆತ್ತಿದ. "ಎಂತ ಹೇಳ್ತಾಳೆ ಮಗಳು?"

"ಜಗಳ ಆಗಿದೆಯಂತೆ."

"ಯಾರ ಹತ್ರ?"

ವಾರಿಜಾ ಫೋನನ್ನು ಮೇಜಿನ ಮೇಲಿಟ್ಟು, ಯಾವುದೋ ಹುಡುಗನ ಫೋಟೋವನ್ನು ಮುಂದಕ್ಕೆಳೆದುಕೊಂಡಳು. "ಅವಳಿಗೊಬ್ಬಳು ಗೆಳತಿ ಸಿಕ್ಕಿದ್ದಾಳೆ," ಎಂದಳು.